ಮಂಜಿಲ್ಲದ ಊರಿನ ಚಕ್ರ

ನೋರ್ಮಾಳ ಕಾರ್ಖಾನೆ ಎಂದು ನಾವು ಕರೆಯುವುದು ಅವಳಪ್ಪನ ಹಳೆಯ ದನದ ಕೊಟ್ಟಿಗೆಯನ್ನು. ಗೋದಲಿಗಳನ್ನು ಕಿತ್ತುಹಾಕಿ, ಗೋಡೆಗೆ ಸುಣ್ಣ ಹೊಡೆಸಿ, ಒಂದು ಮೂಲೆಯಲ್ಲಿ ಬಣ್ಣ ಒಣಗಿಸುವ ಒಲೆ, ಇನ್ನೊಂದರಲ್ಲಿ ಲೋಹ ತೊಳೆಯುವ ತೊಟ್ಟಿ ಇಟ್ಟುಕೊಂಡಿದ್ದಾಳೆ. ಅವಳ ಕೆಲಸ ಕಾರಿನ ಚಕ್ರಗಳಿಗೆ ಬಣ್ಣ ಹಚ್ಚುವುದು. ಮೋದೆನಾ ಪಟ್ಟಣದ ಸುತ್ತಿನ ನಮ್ಮ ಬಯಲಿನಲ್ಲಿ ಹಳೆಯ ಓಟದ ಕಾರು ಇಟ್ಟುಕೊಂಡವರು ಎಂಜಿನ್ನನ್ನು ಒಬ್ಬನ ಹತ್ತಿರ, ಸೀಟಿನ ಚರ್ಮವನ್ನು ಮತ್ತೊಬ್ಬನ ಹತ್ತಿರ ಒಯ್ದರೂ ಚಕ್ರವನ್ನು ಮಾತ್ರ ಅವಳ ಅಂಗಳಕ್ಕೇ ತರುತ್ತಾರೆ. ಯಾವ ಬಣ್ಣ ಚೆನ್ನ ಎಂದು ಕೇಳಿದವರಿಗೆಲ್ಲ ಅವಳದು ಒಂದೇ ಉತ್ತರ. "ನನ್ನನ್ನ ಕೇಳ್ಬೇಡಿ, ನೀವೂ ಹೇಳ್ಬೇಡಿ. ಮಂಜು ಹೇಳ್ಲಿ."

ಅದು ಬರೀ ಬಾಯಿಮಾತಲ್ಲ. ಸುಗ್ಗಿಯ ದ್ರಾಕ್ಷಿ ತುಳಿದು ಮುಗಿಯುತ್ತಿದ್ದಂತೆ ನಮ್ಮ ಬಯಲಿಗೆ ಮಂಜು ಬಂದು ಕೂರುತ್ತದೆ. ಒಮ್ಮೆ ಕೂತರೆ ಪೇರು ಮರಗಳ ಸಾಲು ಕೂಡ ಕಾಣಿಸುವುದಿಲ್ಲ. ಆ ಕಾಲಕ್ಕೆ ಸರಿಯಾಗಿ ನೋರ್ಮಾ ಕಾರಿನ ಸ್ಟೆಪ್ನಿಯನ್ನು ತೆಗೆದುಕೊಂಡು ನಡುವಿನಿಂದ ಅಂಚಿಗೆ ಚಾಚಿದ ಅದರ ಒಂದೊಂದು ತೋಳಿಗೆ ಒಂದೊಂದು ಬಣ್ಣ ಹಚ್ಚಿ, ಕಾಲುವೆ ಕಡೆಗೆ ತೆರೆದಿರುವ ಜಗಲಿಯ ತೊಲೆಗೆ ನೇತು ಹಾಕುತ್ತಾಳೆ. ಚಳಿಗಾಲ ಕಳೆದ ಮೇಲೆ ಇಳಿಸಿ ನೋಡಬೇಕು. ಯಾವುದು ಉಳಿದಿದೆಯೋ ಅದರಲ್ಲಿ ಆರಿಸಿಕೊಳ್ಳಬೇಕು.

ನನ್ನ ಬಾಲ್ಯದ ಗೆಳೆಯ ಡೊರಾಂಡೊ ಮತ್ತು ನಾನು ನಮ್ಮ ಕಾರಿನ ಸ್ಟೆಪ್ನಿ ಹೊತ್ತುಕೊಂಡು ಹೋದ ದಿನವೂ ಸಣ್ಣಗೆ ಮಂಜು ಇಳಿಯುತ್ತಿತ್ತು.

"ಹೊಂಬಣ್ಣ ಕಣೋ ಲೆಯಾರ್ಕೊ," ಅಂದ ಡೊರಾಂಡೊ. "ನೀಲಿ ಮೈಗೆ ಹೊಂಬಣ್ಣ ಬಿಟ್ರೆ ಬೇರೆ ಇಲ್ಲ."

"ಮದುವೆ ಹೆಣ್ಣೇನೋ ಅದು, ಉಂಗುರ ತೊಡ್ಸೋಕೆ? ಬೂದು ಹಾಕ್ಸು."

"ಬೂದು ನಿನ್ನ ಟ್ರ್ಯಾಕ್ಟರ್‌ಗೆ ಹಾಕ್ಕೋ ಹೋಗು. ಹಸು ಕಾಯೋನಿಗೆ ಕಣ್ಣಲ್ಲೂ ಸಗಣಿ."

"ಇಬ್ರೂ ಬಾಯಿ ಮುಚ್ತೀರಾ?" ಅಂದಳು ನೋರ್ಮಾ, ಕೈಗವಸು ಹಾಕಿಕೊಳ್ಳುತ್ತ. "ಐದು ತೋಳಿದೆ. ಬೆಳ್ಳಿ, ಕಪ್ಪು, ಬೂದು, ಹೊಂಬಣ್ಣ. ಐದನೇದು ಏನೂ ಹಚ್ಚದೆ ಬರೀ ಪಾಲಿಶ್."

"ಅದೊಂದು ಬೇಡ," ಡೊರಾಂಡೊ ಮುಖ ಹಿಂಡಿದ. "ಕ್ಷೌರದಂಗಡಿ ಕನ್ನಡಿ ಥರ ಹೊಳೀತದೆ. ಮೆಗ್ನೀಷಿಯಂ ಕಣಮ್ಮ ಇದು. ಬೆತ್ತಲೆ ಬಿಟ್ರೆ ನಮ್ಮೂರಲ್ಲಿ ಒಂದು ಚಳಿಗಾಲ ತಡೆಯುತ್ತಾ?"

"ತಡೆಯಲ್ಲ ಅಂತ ತೋರ್ಸೋಕೇ ಬಿಡೋದು."

ಆ ಕಾರಿನ ವಿಷಯ ಸ್ವಲ್ಪ ಹೇಳಬೇಕು. ಪಕ್ಕದೂರಿನ ಕಾರ್ಖಾನೆಯವರು ಹೊಸ ಕಾರುಗಳನ್ನು ಪರೀಕ್ಷೆಗೆಂದು ನಮ್ಮ ಕಾಲುವೆ ರಸ್ತೆಯಲ್ಲೇ ಓಡಿಸುತ್ತಿದ್ದ ಕಾಲ ಒಂದಿತ್ತು. ಡೊರಾಂಡೊ ಮತ್ತು ನಾನು ಕಾಲುವೆಯ ಏರಿ ಮೇಲೆ ಕೂತು ನೋಡುತ್ತಿದ್ದೆವು. ದೂರದಲ್ಲಿ ಸದ್ದು ಕೇಳಿಸಿದರೆ ಸಾಕು, ಯಾವ ಎಂಜಿನ್ನು ಎಂದು ಪಂಥ ಕಟ್ಟುತ್ತಿದ್ದೆವು. ದೊಡ್ಡವನಾದ ಮೇಲೆ ಅವನು ಆ ಕಾರ್ಖಾನೆಗೇ ಕೆಲಸಕ್ಕೆ ಸೇರಿದ. ನಾನು ಅಪ್ಪನ ಹಸುಗಳ ಜೊತೆ ಉಳಿದೆ. ಬೆಳಿಗ್ಗೆ ಸಂಜೆ ಹಾಲು ಕರೆದು ಚೀಸ್ ಡೇರಿಗೆ ಒಯ್ಯುವ ಬಾಳು. ಆದರೂ ಭಾನುವಾರ ಏರಿ ಮೇಲೆ ಸಿಗುವುದು ನಿಲ್ಲಲಿಲ್ಲ.

ಅವನು ಕೆಲಸದಿಂದ ನಿವೃತ್ತನಾದ ವರ್ಷ ನದಿಯಾಚೆಯ ಒಂದು ಹುಲ್ಲಟ್ಟದ ಕೆಳಗೆ ಆ ಕಾಲದ್ದೇ ಎರಡು ಸೀಟಿನ ಕಾರೊಂದು ಸಿಕ್ಕಿತು. ಎಂಜಿನ್ನಿತ್ತು, ಚಕ್ರಗಳಿರಲಿಲ್ಲ, ಸೀಟಿನ ಮೇಲೆ ಕೋಳಿಗಳು ಮೊಟ್ಟೆ ಇಡುತ್ತಿದ್ದವು. ಮನೆಯ ಒಡತಿ ಮುದುಕಿ. ಕಾರ್ಖಾನೆಯಲ್ಲಿ ದುಡಿದವನಿಗೆ ಮಾತ್ರ ಕೊಡುತ್ತೇನೆ ಎಂದು ಹಟ ಹಿಡಿದಳು. ಹಾಗಾಗಿ ಕಾಗದ ಡೊರಾಂಡೊನ ಹೆಸರಿಗಾಯಿತು. ಚಕ್ರಗಳನ್ನು ಹುಡುಕಿದ್ದು ನಾನು. ಮಿರಾಂದೊಲಾ ಕಡೆ ಒಬ್ಬ ರೈತ ಅವನ್ನು ಪೇರುಹಣ್ಣು ಸಾಗಿಸುವ ಗಾಡಿಗೆ ಹಾಕಿಕೊಂಡಿದ್ದ. ಐದನೆಯದನ್ನು ಕೋಳಿಗೂಡಿನ ಬಾಗಿಲಿಗೆ ಆನಿಸಿಟ್ಟಿದ್ದ. ಅವನ ಗಾಡಿಗೆ ಬೇರೆ ಚಕ್ರ ಕೊಡಿಸಿ, ಮೇಲೊಂದು ಒಳ್ಳೆಯ ಕಡಸು ಕೊಟ್ಟು ತಂದೆ. ಚೊಚ್ಚಲು ಗಬ್ಬವಾಗಿದ್ದ ಕಡಸು. ನನ್ನ ಹೆಂಡತಿ ಜೆಲಿಂಡಾ ಅದಕ್ಕೆ ಹೆಸರು ಕೂಡ ಇಟ್ಟಿದ್ದಳು. ಆ ವಾರವೆಲ್ಲ ಸಿಟ್ಟಿಗೆ ಅವಳು ನನಗೆ ಬ್ರೆಡ್ಡಿನ ಗಟ್ಟಿ ತುದಿಯನ್ನೇ ಕೊಟ್ಟಳು.

ಚಕ್ರ ತಂದ ದಿನ ನೋರ್ಮಾಳ ಅಪ್ಪ ಅಲ್ಚೀದೆ ಇನ್ನೂ ಬದುಕಿದ್ದ. ಅವನು ದನದ ಸಂತೆಯಲ್ಲಿ ದಲ್ಲಾಳಿಯಾಗಿ ಹೆಸರು ಮಾಡಿದವನು. ಡೊರಾಂಡೊನ ಕೈಯನ್ನೂ ನನ್ನ ಕೈಯನ್ನೂ ಒಂದರೊಳಗೊಂದು ಇಡಿಸಿದ. "ಕಾರು ಇಬ್ಬರದ್ದು. ಒಬ್ಬನನ್ನ ಬಿಟ್ಟು ಒಬ್ಬ ಏನೂ ಮಾಡೋ ಹಾಗಿಲ್ಲ. ಮೊದಲ ಸಲ ಓಡಿಸೋನು ಕಡಸು ಕೊಟ್ಟೋನು. ಆಯ್ತಾ?" ಎಂದು ಕೇಳಿದ. ಆಯ್ತು ಅಂದೆವು. ಅವನು ಅಂಗೈಯನ್ನು ಮಚ್ಚಿನ ಹಾಗೆ ಮಾಡಿ ಮೇಲಿಂದ ಹೊಡೆದು ನಮ್ಮ ಕೈಗಳನ್ನು ಕಡಿದ. ಸಂತೆಯಲ್ಲಿ ಹೀಗೆ ಕೈ ಕಡಿದು ವ್ಯಾಪಾರ ಕುದುರಿದ ಮೇಲೆ ಹಸು ಅಲ್ಲೇ ಸತ್ತು ಬಿದ್ದರೂ ಮಾತು ಹಿಂದಕ್ಕೆ ಹೋಗುವುದಿಲ್ಲ. ಆಮೇಲೆ ಕಾಗದ ಯಾರ ಹೆಸರಿಗಿದ್ದರೇನು ಎಂದು ನಮ್ಮ ಕಡೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನಾನೂ ಕೆಡಿಸಿಕೊಳ್ಳಲಿಲ್ಲ.

ಡೊರಾಂಡೊನ ಷೆಡ್ಡಿನಲ್ಲಿ ಆ ಕಾರನ್ನು ವರ್ಷಗಟ್ಟಲೆ ಬಿಚ್ಚಿದೆವು, ಕಟ್ಟಿದೆವು. ಮೈಗೆ ಬಣ್ಣ ಆರಿಸುವಾಗ ಜಗಳವೇ ಆಗಲಿಲ್ಲ. ಮಾಗಿದ ಲಂಬ್ರುಸ್ಕೊ ದ್ರಾಕ್ಷಿಯ ಮೇಲೆ ಒಂದು ನೀಲಿ ಕೂತಿರುತ್ತದಲ್ಲ, ಬೆರಳಿಟ್ಟರೆ ಹೋಗುವಂಥದ್ದು, ಅದೇ ಬೇಕು ಎಂದು ಇಬ್ಬರೂ ಒಂದೇ ಉಸಿರಿಗೆ ಅಂದಿದ್ದೆವು. ಕೊನೆಗೆ ಉಳಿದಿದ್ದು ಚಕ್ರದ ಬಣ್ಣ ಒಂದೇ. ಉಳಿದ ನಾಲ್ಕು ಚಕ್ರ ನೋರ್ಮಾಳ ಕೊಟ್ಟಿಗೆಯಲ್ಲೇ ಬಣ್ಣಕ್ಕೆ ಕಾದಿದ್ದವು. ಚಕ್ರ ಹಾಕಿದ ದಿನ ನಾನು ಓಡಿಸಬೇಕು. ಮೊದಲು ಕಾಲುವೆ ರಸ್ತೆಯಲ್ಲಿ ಡೇರಿವರೆಗೆ, ಬೇಸಿಗೆ ಬಂದ ಮೇಲೆ ಬೆಟ್ಟ ದಾಟಿ ಸಮುದ್ರದವರೆಗೆ.

ಆ ಚಳಿಗಾಲ ಸಂಜೆ ಹಾಲು ಕೊಟ್ಟು ಬರುವಾಗ ದಿನವೂ ನೋರ್ಮಾಳ ಜಗಲಿಯ ಹತ್ತಿರ ನಿಲ್ಲುತ್ತಿದ್ದೆ. ಚಕ್ರ ಮಂಜಿನಲ್ಲಿ ತೊಟ್ಟಿಕ್ಕುತ್ತ ನಿಧಾನವಾಗಿ ತಿರುಗುತ್ತಿರುತ್ತಿತ್ತು. ಕ್ರಿಸ್‌ಮಸ್ ಹಬ್ಬದ ಹೊತ್ತಿಗೆ ಪಾಲಿಶ್ ಮಾಡಿದ ತೋಳಿನ ಹೊಳಪು ಸತ್ತು, ಉಪ್ಪು ಎರಚಿದಂತೆ ಬಿಳಿ ಹುಡಿ ಎದ್ದಿತು. ಆಮೇಲೆ ಅಲ್ಲಲ್ಲಿ ಸಣ್ಣ ಗುಳಿಗಳು, ಹುಳು ಬಿದ್ದ ಪೇರಿನಲ್ಲಿರುವಂಥವು.

"ಹೆಂಡ್ತಿ ಮುಖ ನೋಡೋದು ಬಿಟ್ಟು ದಿನಾ ಆ ಚಕ್ರದ ಮುಖ ನೋಡ್ಕೊಂಡು ಬರ್ತೀಯಲ್ಲ ಮಾರಾಯ," ಅನ್ನುತ್ತಿದ್ದಳು ಜೆಲಿಂಡಾ.

"ನೀನು ಮಂಜಲ್ಲಿ ನಿಂತ್ರೂ ಬಣ್ಣ ಬಿಡಲ್ಲ. ಅದಕ್ಕೇ ನೋಡಲ್ಲ."

"ಬಣ್ಣ ಯಾವತ್ತೋ ಬಿಟ್ಟಿದೆ. ನೀನು ನೋಡಿಲ್ಲ, ಅಷ್ಟೆ."

ಡೊರಾಂಡೊ ಮಾತ್ರ ಆ ಚಳಿಗಾಲ ಜಗಲಿ ಕಡೆ ಬಂದಿದ್ದು ಕಡಿಮೆ. ಮಂಡಿ ನೋವಿಗೆ ಸಮುದ್ರದ ಗಾಳಿ ಒಳ್ಳೆಯದಂತೆ, ಆಗಾಗ ಕಡಲ ದಂಡೆಯ ಚೆಸೆನಾತಿಕೊಗೆ ಹೋಗಿ ಬರುತ್ತಿದ್ದ. ಒಮ್ಮೆ ಅವನ ಷೆಡ್ಡಿನ ಮುಂದೆ ನನಗೆ ಗುರುತಿಲ್ಲದ ದೊಡ್ಡ ಕಾರಿನ ಟೈರಿನ ಗುರುತುಗಳಿದ್ದವು. ಕೇಳಿದ್ದಕ್ಕೆ, ಯಾರೋ ದಾರಿ ತಪ್ಪಿದೋರು, ಮಂಜು ನೋಡು, ಅಂದ. ನಮ್ಮ ಕಡೆ ಮಂಜಿನಲ್ಲಿ ದಾರಿ ತಪ್ಪದವರು ಯಾರು? ನಂಬಿದೆ.

ಚಳಿಗಾಲ ಇನ್ನೂ ಪೂರ್ತಿ ಮುಗಿದಿರಲಿಲ್ಲ, ಡೊರಾಂಡೊನೇ ಅವಸರ ಮಾಡಿ ಚಕ್ರ ಇಳಿಸೋಣ ಅಂದ. ಜೆಲಿಂಡಾ ಹಿಟ್ಟು ಲಟ್ಟಿಸಿ ಕರಿದ ಞೊಕ್ಕೊವನ್ನು ಬಿಸಿಬಿಸಿಯಾಗಿ ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. ನೋರ್ಮಾಳಲ್ಲಿಗೆ ನಡೆಯುವಾಗ ನಾನೊಂದು ನಿರ್ಧಾರಕ್ಕೆ ಬಂದಿದ್ದೆ. ಹೊಂಬಣ್ಣವೇ ಆಗಲಿ. ಅವನ ಮಂಡಿ ಹಾಳಾಗುತ್ತಿದೆ, ಮುಖ ಬಾಡಿದೆ, ಚಕ್ರದ ಬಣ್ಣಕ್ಕೆ ನಾನು ಇಷ್ಟು ಹಟ ಮಾಡಬೇಕೆ? ಮೊದಲು ಸ್ವಲ್ಪ ಆಟ ಆಡಿಸಿ, ಆಮೇಲೆ ಹೂಂ ಅನ್ನೋಣ ಎಂದುಕೊಂಡಿದ್ದೆ.

ನೋರ್ಮಾ ಚಕ್ರ ಇಳಿಸಿ ಮೇಜಿನ ಮೇಲೆ ಮಲಗಿಸಿ ಒರೆಸಿದಳು. ಬೆಳ್ಳಿ ಬೊಬ್ಬೆ ಎದ್ದಿತ್ತು. ಕಪ್ಪು ಅಂಚಿನಲ್ಲಿ ಸಿಪ್ಪೆ ಬಿಟ್ಟಿತ್ತು. ಬೂದು ಮತ್ತು ಹೊಂಬಣ್ಣ ಹಚ್ಚಿದ ದಿನ ಇದ್ದ ಹಾಗೇ ಇದ್ದವು.

"ಮಂಜು ನಿಮ್ಮಿಬ್ರಿಗೂ ಸಮ ಹಂಚಿದೆ," ಅಂದಳು. "ಈಗ ಕಿತ್ತಾಡಿ."

ನಾನು ಬಾಯಿ ತೆರೆಯುವ ಮೊದಲೇ ಡೊರಾಂಡೊ, "ಪಾಲಿಶ್ ಮಾಡ್ಸೋಣ," ಅಂದ.

ನೋರ್ಮಾ ನಕ್ಕಳು. ನಾನೂ ನಕ್ಕೆ. ಅವನು ನಗಲಿಲ್ಲ. ಞೊಕ್ಕೊ ಕೂಡ ಮುಟ್ಟಿರಲಿಲ್ಲ.

"ಮೇಲೆ ವಾರ್ನಿಶ್ ಕೂಡ ಬೇಡ. ಬರೀ ಲೋಹ. ಹೊಳೀಬೇಕು."

"ಕುಡ್ದಿದ್ದೀಯೇನೋ?" ನೋರ್ಮಾ ಅವನ ಕೈ ಹಿಡಿದು ಎಳೆದು ಗುಳಿ ಬಿದ್ದ ತೋಳಿನ ಮೇಲೆ ಇಟ್ಟಳು. "ಬೆರಳಾಡಿಸಿ ನೋಡು. ಇದೊಂದು ಬೇಡ ಅಂತ ಕೂಗಾಡಿದ್ದು ಯಾರು?"

"ಒಳಗೇ ಇಟ್ರೆ ಏನೂ ಆಗಲ್ಲ."

"ಒಳಗೆ ಅಂದ್ರೆ?"

"ಒಳಗೆ ಅಂದ್ರೆ ಒಳಗೆ. ಒಣ ಜಾಗದಲ್ಲಿ." ಅವನು ನನ್ನ ಕಡೆ ತಿರುಗಿದ, ಆದರೆ ನೋಡಿದ್ದು ನನ್ನ ಟೋಪಿಯನ್ನು. "ನೀನು ಒಪ್ಪಿದ್ರೆ ಆಯ್ತು ಕಣೋ. ನಿನ್ನ ಬೂದೂ ಬೇಡ, ನನ್ನ ಹೊಂಬಣ್ಣಾನೂ ಬೇಡ. ಜಗಳಾನೇ ಇಲ್ಲ."

ಹಾಲು ಕರೆಯುವ ಹೊತ್ತಾಯಿತು, ನಾಳೆ ಹೇಳ್ತೀನಿ ಎಂದು ಹೊರಟು ಬಂದೆ.

ಕೆಚ್ಚಲು ಒರೆಸುತ್ತ ಆ ಮಾತನ್ನೇ ಮೆಲುಕು ಹಾಕಿದೆ. ಒಣ ಜಾಗ. ನಮ್ಮ ಬಯಲಿನಲ್ಲಿ ಒಣ ಜಾಗ ಎಲ್ಲಿದೆ? ಚಳಿಗಾಲದಲ್ಲಿ ನಮ್ಮ ಅಡುಗೆಮನೆಯ ಉಪ್ಪೇ ನೀರಾಗುತ್ತದೆ. ಡೊರಾಂಡೊನ ಷೆಡ್ಡಿನ ಗೋಡೆ ಬೆವರಿ ಸುತ್ತಿಗೆಯ ಹಿಡಿಗೆ ಬೂಸಲು ಹಿಡಿಯುತ್ತದೆ. ಇದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನನಗಿಂತ ಚೆನ್ನಾಗಿ ಬಲ್ಲವನು. ಹಾಗಾದರೆ ಆ ಬಣ್ಣ ಆರಿಸಿದ್ದು ಅವನಲ್ಲ. ಮಂಜು ಎಂದರೇನು ಎಂದು ಗೊತ್ತಿಲ್ಲದ ಯಾರೋ ಆರಿಸಿದ್ದಾರೆ. ಅವರ ಬಾಯಿಯಾಗಿ ಅವನು ಬಂದಿದ್ದಾನೆ.

ಹಸು ಕಾಲು ಝಾಡಿಸಿತು. ನಾನು ಒಂದೇ ಕೆಚ್ಚಲನ್ನು ಎಷ್ಟು ಹೊತ್ತಿಂದ ಒರೆಸುತ್ತಿದ್ದೆನೋ.

ಮರುದಿನ ಬೆಳಗಿನ ಹಾಲು ಕೊಟ್ಟು ನೇರ ಅವನ ಷೆಡ್ಡಿಗೆ ಹೋದೆ. ಕಾರು ಮರದ ದಿಮ್ಮಿಗಳ ಮೇಲೆ ಕೂತಿತ್ತು. ಅವನು ಮುಂದಿನ ಗಾಜು ಒರೆಸುತ್ತಿದ್ದ.

"ಯಾರ ಮನೆಗೆ ಹೋಗ್ತಿದೆ?" ಕೇಳಿದೆ.

ಏನು ಎಂದು ಅವನು ಕೇಳಲಿಲ್ಲ. ಒರೆಸುವುದನ್ನು ನಿಲ್ಲಿಸಿದ. "ಮರಳುಗಾಡಿನ ಕಡೆಯೋರು. ದೊಡ್ಡ ಗಾಜಿನ ಮನೆ ಕಟ್ಸಿದ್ದಾರೆ, ಬರೀ ಇಂಥ ಕಾರುಗಳಿಗೇ. ಒಳಗಿನ ಗಾಳೀನೂ ಯಂತ್ರ ಇಟ್ಟು ಒಣಗಿಸ್ತಾರಂತೆ."

"ಯಾವಾಗ ಕೊಟ್ಟೆ?"

"ಕ್ರಿಸ್‌ಮಸ್‌ಗೆ ಸ್ವಲ್ಪ ಮುಂಚೆ."

"ಕ್ರಿಸ್‌ಮಸ್ ದಿನ ನಮ್ಮನೇಲಿ ಕೂತಿದ್ದೆ. ಸಾರಲ್ಲಿ ಬೇಯ್ಸಿದ ತೊರ್ತೆಲ್ಲೀನಿ ಎರಡನೇ ಬಟ್ಟಲು ಹಾಕಿಸ್ಕೊಂಡೆ. ಆಗ್ಲೇ ಕೊಟ್ಟಾಗಿತ್ತಾ?"

"ಹೇಳೋಣ ಅಂತಾನೇ ಬಂದಿದ್ದೆ ಕಣೋ. ಜೆಲಿಂಡಾ ಸಾರು ಬಡಿಸ್ತಾ ಇದ್ಲು..."

"ಸಾರು ಬಾಯಿಗೆ ಅಡ್ಡ ಬಂತಾ?"

ಅವನು ಬಟ್ಟೆಯನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. ಚೆಸೆನಾತಿಕೊದಲ್ಲಿ ಒಂದು ಪುಟ್ಟ ಮನೆ ನೋಡಿದ್ದಾನಂತೆ, ಕಿಟಕಿ ತೆರೆದರೆ ನೀರು. ಕಾರಿನೊಳಗೆ ಇಳಿದು ಕೂರಲು ಅವನ ಮಂಡಿ ಬಗ್ಗುವುದಿಲ್ಲವಂತೆ. ಇಲ್ಲಿ ಇಟ್ಟರೆ ನಾವು ಸತ್ತ ಮೇಲೆ ಮತ್ತೆ ಕೋಳಿ ಮೊಟ್ಟೆ ಇಡುತ್ತವಂತೆ. ಎಲ್ಲ ನಿಜವೇ ಇರಬಹುದು.

"ನಿನ್ನ ಪಾಲು ನಿನಗೆ ಬರುತ್ತೆ," ಅಂದ. "ನಾನೇನು ಕಳ್ಳನಾ?"

"ಪಾಲು ಯಾರು ಕೇಳಿದ್ರು? ಓಡಿಸ್ತೀನಿ ಅಂದಿದ್ದೆ ನಾನು."

"ಕೇಳಿದ್ರೆ ನೀನು ಬೇಡ ಅಂತಿದ್ದೆ."

"ಬೇಡ ಅನ್ನೋಕೇ ತಾನೆ ಅಲ್ಚೀದೆ ನನ್ನ ಕೈನೂ ಹಿಡ್ಕೊಂಡಿದ್ದು?"

ನಾನು ಹೊರಡಲು ತಿರುಗಿದೆ. ಬಾಗಿಲವರೆಗೆ ಬಂದಾಗ ಹಿಂದಿನಿಂದ ಅವನು, "ಚಕ್ರಕ್ಕೆ ಹೂಂ ಅಂದ್ಬಿಡೋ. ಆ ವರ್ಷದ್ದೇ ಬೇಕಂತೆ ಅವರಿಗೆ. ಇಲ್ಲಾಂದ್ರೆ ಹೊಸದಾಗಿ ಎರಕ ಹೊಯ್ಸಿ ಹಾಕ್ತಾರಂತೆ," ಎಂದ. ಎಲ್ಲ ಆದ ಮೇಲೂ ಅವನಿಗೆ ನನ್ನಿಂದ ಬೇಕಾಗಿದ್ದು ಒಂದು ಬಣ್ಣ.

ಮನೆಯಲ್ಲಿ ಹೇಳಿದಾಗ ಜೆಲಿಂಡಾ ಕೈಯಲ್ಲಿದ್ದ ಹಿಟ್ಟನ್ನು ಹಲಗೆ ಮೇಲೆ ಎತ್ತಿ ಕುಕ್ಕಿದಳು. "ಐದನ್ನೂ ಗೊಬ್ಬರದ ಗುಂಡಿಗೆ ಹಾಕು. ಮೊನ್ನೆ ಕೂಡ ಅವನ ಮಂಡಿಗೆ ಅಂತ ಹಂದಿ ಕೊಬ್ಬು ಕಾಯಿಸಿ ಕೊಟ್ಟಿದ್ದೀನಲ್ಲ ನಾನು! ಅದನ್ನೂ ವಾಪಸ್ ಇಸ್ಕೊಂಡು ಬಾ."

ನೋರ್ಮಾ ಹೆಚ್ಚು ಮಾತಾಡಲಿಲ್ಲ. "ಕೈ ಕಡಿದೋನು ನಮ್ಮಪ್ಪ. ಕಡಸು ಕೊಟ್ಟೋನು ನೀನು. ನೀನು ಹೂಂ ಅನ್ನೋ ತನಕ ಅವನು ಬಾಗಿಲಲ್ಲಿ ಮಲಗಿದ್ರೂ ನಾನು ಚಕ್ರ ಮುಟ್ಟಲ್ಲ," ಅಂದಳು.

ಕೆಲವು ದಿನ ನಾನು ಹೂಂ ಅನ್ನಲೂ ಇಲ್ಲ, ಇಲ್ಲ ಅನ್ನಲೂ ಇಲ್ಲ. ಡೊರಾಂಡೊ ಡೇರಿಯ ಹತ್ತಿರ ಬಂದು ನಿಲ್ಲುತ್ತಿದ್ದ. ನಾನು ಕ್ಯಾನುಗಳನ್ನು ಇಳಿಸಿ ಅವನ ಪಕ್ಕದಿಂದಲೇ ಹಾದು ಬರುತ್ತಿದ್ದೆ. ಚಕ್ರ ಕೊಡದಿದ್ದರೆ ಅವನಿಗೆ ತೊಂದರೆ ಎಂದು ತಿಳಿದು ಒಳಗೊಳಗೆ ಖುಷಿಯಾಗುತ್ತಿತ್ತು. ಊಟಕ್ಕೆ ಕೂತರೆ ಮಾತ್ರ ಅರ್ಧಕ್ಕೇ ಎದ್ದುಬಿಡುತ್ತಿದ್ದೆ.

ಅವನು ಸಮುದ್ರದ ಕಡೆ ಹೋದ ಒಂದು ಮಧ್ಯಾಹ್ನ ಷೆಡ್ಡಿಗೆ ಹೋದೆ. ಕೀಲಿ ಯಾವತ್ತಿನಂತೆ ಹೂಕುಂಡದ ಕೆಳಗೇ ಇತ್ತು. ಅದನ್ನು ಬೇರೆ ಕಡೆ ಇಡಬೇಕು ಎಂದು ಅವನಿಗೆ ಹೊಳೆದಿರಲಿಲ್ಲ, ಅಥವಾ ಮನಸ್ಸು ಬಂದಿರಲಿಲ್ಲ. ಕಾರಿನ ಬಾಗಿಲು ತೆರೆದು ಒಳಗೆ ಇಳಿದು ಕೂತೆ. ಸ್ಟಿಯರಿಂಗ್ ಹಿಡಿದು ಎಡಕ್ಕೆ ತಿರುಗಿಸಿದೆ, ಬಲಕ್ಕೆ ತಿರುಗಿಸಿದೆ. ಮುಂದೆ ಚಕ್ರಗಳಿರಬೇಕಾದಲ್ಲಿ ಬೋಳು ಕಬ್ಬಿಣದ ಬುಡಗಳು ನನ್ನ ಮಾತು ಕೇಳಿ ಎಡಕ್ಕೆ ಹೊರಳಿದವು, ಬಲಕ್ಕೆ ಹೊರಳಿದವು. ಕರು ಹಾಕಿದ ಮೇಲೆ ಏಳಲಾರದೆ ಬಿದ್ದ ಹಸು ಕರೆದರೆ ಕತ್ತು ತಿರುಗಿಸುತ್ತದಲ್ಲ, ಹಾಗೆ. ಇದಕ್ಕೆ ಯಾರೋ ಎಲ್ಲೋ ಹೊಯ್ದ ಹೊಸ ಚಕ್ರ ಹಾಕುತ್ತಾರೆ ಎಂದು ಯೋಚಿಸಿದೆ. ಡೊರಾಂಡೊನ ಮೇಲಿನ ಸಿಟ್ಟನ್ನು ಇದರ ಮೇಲೆ ತೀರಿಸಲು ನನ್ನಿಂದಾಗಲಿಲ್ಲ.

ಹೊರಗೆ ಬಂದು, ಬಾಗಿಲು ಹಾಕಿ, ಕೀಲಿಯನ್ನು ಕುಂಡದ ಕೆಳಗೇ ಇಟ್ಟು ನೋರ್ಮಾಳಲ್ಲಿಗೆ ಹೋದೆ.

"ನಾಲ್ಕಕ್ಕೆ ಪಾಲಿಶ್ ಮಾಡು. ನೀನೇ ಮಾಡು, ಬೇರೆಯವರ ಕೈಗೆ ಹೋದ್ರೆ ಹಾಳು ಮಾಡ್ತಾರೆ. ಸ್ಟೆಪ್ನಿ ಮಾತ್ರ ನಾನು ತಗೊಂಡು ಹೋಗ್ತೀನಿ."

"ಅದನ್ನ ತೊಳೆದು ಕೊಡ್ಲಾ?"

"ಬೇಡ. ಹೇಗಿದೆಯೋ ಹಾಗೇ."

ಲಾರಿ ಬಂದ ದಿನ ಮಧ್ಯಾಹ್ನದಿಂದಲೇ ಮಂಜು ಇಳಿಯತೊಡಗಿತ್ತು, ಚಳಿಗಾಲದ ಕೊನೆಯ ಮಂಜು. ಮುಚ್ಚಿದ ಲಾರಿ ಡೊರಾಂಡೊನ ಅಂಗಳಕ್ಕೆ ತಿರುಗಲಾರದೆ ನನ್ನ ಕೊಟ್ಟಿಗೆಯ ಮುಂದಿನ ರಸ್ತೆಯಲ್ಲೇ ನಿಂತಿತು. ಅವನು ಕಾರನ್ನು ಅಲ್ಲಿಯವರೆಗೆ ನಿಧಾನವಾಗಿ ಓಡಿಸಿಕೊಂಡು ಬಂದ. ಸದ್ದು ಕೇಳಿ ನಾನು ಹೊರಗೆ ಬಂದೆ. ಬರಬಾರದು ಎಂದುಕೊಂಡಿದ್ದೆ, ಆದರೆ ಆ ಸದ್ದಿಗೆ ನನ್ನ ಕಾಲು ಚಿಕ್ಕಂದಿನಿಂದ ಏಳುತ್ತದೆ.

ನೋರ್ಮಾಳ ಕೈಕೆಲಸ ನೋಡಬೇಕಿತ್ತು. ಅಷ್ಟು ಮಂಜಿನಲ್ಲೂ ನಾಲ್ಕು ಚಕ್ರಗಳು ನಾಲ್ಕು ದೀಪದ ಹಾಗೆ ಉರಿಯುತ್ತಿದ್ದವು. ನನಗೆ ಇಷ್ಟವಾಗಲಿಲ್ಲ.

ಡೊರಾಂಡೊ ಕಷ್ಟಪಟ್ಟು ಕಾರಿಂದ ಇಳಿದ. "ಸ್ಟೆಪ್ನಿ ಎಲ್ಲೋ? ಹಿಂದೆ ಖಾಲಿ ಇದೆ."

"ನನ್ನ ಹತ್ರ ಇದೆ."

"ಅವರು ಐದು ಅಂತ ಹೇಳಿದ್ದಾರೆ ಕಣೋ..."

"ಗಾಜಿನ ಮನೇಲಿ ನಿಂತಿರೋ ಕಾರಿಗೆ ಪಂಕ್ಚರ್ ಎಲ್ಲಿಂದ ಆಗುತ್ತೆ? ಸ್ಟೆಪ್ನಿ ಯಾಕೆ?"

ಲಾರಿಯವನು ಹಲಗೆ ಇಳಿಸಿ, ಬೇಗ ಹತ್ತಿಸಿ, ಮಂಜು ದಟ್ಟ ಆಗ್ತಿದೆ ಎಂದು ಕೂಗಿದ. ಡೊರಾಂಡೊ ಒಂದು ಹೆಜ್ಜೆ ನನ್ನ ಹತ್ತಿರ ಬಂದು ಕಾರಿನ ಕೀಲಿ ಚಾಚಿದ.

"ನೀನೇ ಹತ್ತಿಸೋ. ಮಾತು ಕೊಟ್ಟಿದ್ದೆ. ಮೊದಲ ಸಲ ನೀನು ಅಂತ."

ರಸ್ತೆಯಿಂದ ಲಾರಿಯೊಳಗೆ. ಅಷ್ಟು ದೂರ. ಅವನು ಹಾಸ್ಯ ಮಾಡುತ್ತಿರಲಿಲ್ಲ, ಅವನ ಕಣ್ಣು ತುಂಬಿತ್ತು. ಅದೇ ನನಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಇಷ್ಟರಲ್ಲಿ ಮಾತು ತೀರುತ್ತದೆ ಎಂದು ಅವನು ನಿಜವಾಗಿ ನಂಬಿದ್ದ.

"ಮೊದಲ ಸಲ ಆಗ್ಲೇ ಆಗಿಹೋಯ್ತಲ್ಲ," ಅಂದೆ. "ಷೆಡ್ಡಿಂದ ಇಲ್ಲೀತನಕ ಓಡಿಸ್ಕೊಂಡು ಬಂದಿದ್ದು ಯಾರು?"

ಅವನ ಕೈ ಹಾಗೇ ಚಾಚಿಕೊಂಡಿತ್ತು. ಆಮೇಲೆ ಇಳಿಯಿತು.

ಅಷ್ಟರಲ್ಲಿ ಚಕ್ರಗಳ ಮೇಲೆ ಹನಿ ಕೂತಿತ್ತು. ಮೊದಲು ಉಸಿರು ಬಿಟ್ಟ ಕನ್ನಡಿಯಂತೆ ಮಸುಕಾಗಿ, ಆಮೇಲೆ ಸಣ್ಣ ಸಣ್ಣ ಕಾಳುಗಳಾಗಿ. ಡೊರಾಂಡೊ ಅದನ್ನು ನೋಡಿದ. ಜೇಬಿನಿಂದ ಕರವಸ್ತ್ರ ತೆಗೆದು, ಮಂಡಿಯೂರಲಾರದೆ ಸೊಂಟ ಬಗ್ಗಿಸಿ ಒಂದು ಚಕ್ರ ಒರೆಸಿದ. ಎರಡನೆಯದಕ್ಕೆ ಹೋಗುವಷ್ಟರಲ್ಲಿ ಮೊದಲನೆಯದು ಮತ್ತೆ ಒದ್ದೆ. ಕರವಸ್ತ್ರವೂ ನೆನೆದು ಹೋಯಿತು.

"ಲೋ ಲೆಯಾರ್ಕೊ, ಒಂದು ಒಣ ಬಟ್ಟೆ ಕೊಡೋ. ಹೀಗೇ ಒಳಗೆ ಮುಚ್ಚಿದ್ರೆ ದಾರೀಲೇ ತಿಂದುಬಿಡುತ್ತೆ ಇದನ್ನ."

ಹಾಲು ಕರೆಯುವ ಹೊತ್ತಾಗಿತ್ತು. ಕೆಚ್ಚಲು ಒರೆಸಲು ಜೆಲಿಂಡಾ ಒಗೆದು ಒಲೆಯ ಮೇಲೆ ಒಣಗಿಸಿದ ಬಟ್ಟೆ ನನ್ನ ಹೆಗಲ ಮೇಲೇ ಇತ್ತು, ಇನ್ನೂ ಸ್ವಲ್ಪ ಬೆಚ್ಚಗೆ. ಅದು ಅವನಿಗೂ ಕಾಣಿಸುತ್ತಿತ್ತು.

ನಾನು ಕೊಟ್ಟಿಗೆಯೊಳಗೆ ಹೋದೆ. ಬಾಗಿಲ ಪಕ್ಕದ ಗೂಟದಲ್ಲಿ ಸ್ಟೆಪ್ನಿ ನೇತಾಡುತ್ತಿತ್ತು, ನಾಲ್ಕು ತೋಳಿಗೆ ನಾಲ್ಕು ಬಣ್ಣ, ಐದನೆಯದು ಗುಳಿ ಬಿದ್ದ ಬೋಳು ಲೋಹ. ಮೊದಲ ಹಸುವಿನ ಪಕ್ಕದಲ್ಲಿ ಕೂತು ಬಟ್ಟೆ ತೆಗೆದುಕೊಂಡು ಕೆಚ್ಚಲು ಒರೆಸತೊಡಗಿದೆ. ಹೊರಗೆ ಅವನು ಇನ್ನೊಮ್ಮೆ ಕರೆದ. ಆಮೇಲೆ ಎಂಜಿನ್ನು ಹೊತ್ತಿಕೊಂಡ ಸದ್ದು, ಹಲಗೆಗಳ ಮೇಲೆ ಭಾರ ಏರಿದ ಸದ್ದು, ಲಾರಿಯ ಬಾಗಿಲು ಮುಚ್ಚಿದ ಸದ್ದು.